ಜೇನುಂಡ ಕಡಜಗಳು

ಕಾಂದೆಯ ಕೈಗೆ ಒಪ್ಪಿಸಿದ ಹುಡುಗಿ ಬಡಕಲಾಗಿ ಹೊರಗೆ ಬಂದಳು ಎಂಬ ಮಾತನ್ನು ಡಾನ್ ಗಾವೊ ಊರಿನಲ್ಲಿ ಯಾರೂ ಆಡಿದ್ದಿಲ್ಲ. ಮದುವೆ ಗೊತ್ತಾದ ಮೇಲೆ ತಾಯಂದಿರು ಮಗಳನ್ನು ಕರೆತಂದು ಅವಳ ಗುಡಿಸಲಿನಲ್ಲಿ ಬಿಟ್ಟು ಹೋಗುತ್ತಿದ್ದರು. ಅಲ್ಲಿಂದ ಮುಂದೆ ಆ ಹುಡುಗಿಗೆ ಬಿಸಿಲಿಲ್ಲ, ಬಾವಿಯ ಕೊಡವಿಲ್ಲ, ಒನಕೆಯಿಲ್ಲ. ಬೆಳಿಗ್ಗೆ ಹಾಲಿನಲ್ಲಿ ಕಿವುಚಿದ ಸಜ್ಜೆಯುಂಡೆ, ಮಧ್ಯಾಹ್ನ ಖರ್ಜೂರ, ಸಂಜೆ ಜೇನುತುಪ್ಪ. ಸಾಕು ಎಂದವಳನ್ನು ಕಾಂದೆ ಸುಮ್ಮನೆ ನೋಡುತ್ತ ಕೂರುತ್ತಿದ್ದಳು, ಬಟ್ಟಲು ಬರಿದಾಗುವ ತನಕ. ಮಾಂಸ ಮಾತ್ರ ಕೊಡುತ್ತಿರಲಿಲ್ಲ. ಮಾಂಸ ಬಾಣಂತಿಯದು. ಮಗುವಿಗೆ ಹೆಸರಿಡುವ ದಿನ ಕೊಯ್ದ ಟಗರಿನ ತಲೆ, ಕಾಲು ಕುದಿಸಿ ಖಾರದ ಸಾರು ಮಾಡಿ ಹೆತ್ತವಳಿಗೆ ಕುಡಿಸುವುದಕ್ಕೆ ಬೇರೆ ಹೆಂಗಸರಿದ್ದರು. ಕಾಂದೆಯ ಕೆಲಸ ಅದಕ್ಕೆಲ್ಲ ಮುಂಚಿನದು.

"ಸಿಹಿ ಇರೋ ತನಕ ನನ್ನ ಪಾಲು. ಖಾರ ಬೇರೆಯವರ ಪಾಲು" ಎನ್ನುತ್ತಿದ್ದಳು.

ಗಂಡುಮಕ್ಕಳ ಬೆನ್ನಿಗೆ ಹುಟ್ಟಿದ ಹೆಣ್ಣಿಗೆ ಆ ಸೀಮೆಯಲ್ಲಿ ಇಡುವ ಹೆಸರು ಅವಳದು. ಅಣ್ಣಂದಿರಿಗಿಂತ ಗಟ್ಟಿ ದನಿ, ಅವರಿಗಿಂತ ಅಗಲ ಹೆಗಲು. ಗಂಡ ತೀರಿಕೊಂಡ ಮೇಲೆ ತವರೂರಿಗೆ ಮರಳಿ ಮದುವಣಗಿತ್ತಿಯರ ಆರೈಕೆಯಲ್ಲೇ ಬದುಕು ಸಾಗಿಸಿದಳು. ಕಾಲ ಕಳೆದಂತೆ ಹುಡುಗಿಯರು ಕಡಿಮೆಯಾದರು. ಊರಿಗೆ ಬಂದು ಹೋಗುವ ದಾದಿ ಹಾಗೆ ತುರುಕಬೇಡಿ ಎಂದಳು. ಹುಡುಗಿಯರಿಗೂ ಮದುವೆಯ ಹಿಂದಿನ ದಿನದವರೆಗೆ ಸಂತೆ, ಶಾಲೆ, ಗೆಳತಿಯರು ಬೇಕಾಯಿತು. ಕಾಂದೆ ಯಾರ ಮೇಲೂ ಹರಿಹಾಯಲಿಲ್ಲ. ಖಾಲಿಯಾದ ಗುಡಿಸಲಿನಲ್ಲಿ ಕಡಲೆಕಾಯಿ ಎಣ್ಣೆ ತೆಗೆಯಲು ಕೂತಳು. ಆ ಹೊತ್ತಿಗೆ ಊರಿಗೆ ಕಡಜದ ಮನೆ ಬಂತು.

ಮರಾದಿ ಪಟ್ಟಣದ ಕಡೆಯ ರೈತಸಂಘವೊಂದು ಹೆಂಗಸರ ಗುಂಪಿಗೆ ಕಟ್ಟಿಸಿಕೊಟ್ಟ ಹಸಿ ಇಟ್ಟಿಗೆಯ ಒಂಟಿ ಕೋಣೆ ಅದು. ತಗಡಿನ ಬಾಗಿಲು, ಕಿಟಕಿಗೆ ಸೊಳ್ಳೆಪರದೆ. ಒಂದು ಗೋಡೆಯ ಉದ್ದಕ್ಕೂ ಬಟ್ಟೆ ಮುಚ್ಚಿದ ಬೋಗುಣಿಗಳು, ಅವುಗಳಲ್ಲಿ ಸಜ್ಜೆ ಹಿಟ್ಟು, ಹಿಟ್ಟಿನೊಳಗೆ ಹುಳು. ಎದುರಿನ ಗೋಡೆಗೆ ಜಾಲರಿ ಮುಚ್ಚಳದ ಡಬ್ಬಿಗಳು, ಅವುಗಳಲ್ಲಿ ಕಡಜ. ಕಡಜವೆಂದರೆ ಮನೆಯ ಸೂರಿನಲ್ಲಿ ಗೂಡು ಕಟ್ಟಿ ಮಕ್ಕಳನ್ನು ಕಚ್ಚುವ ಜಾತಿಯಲ್ಲ. ಇದು ಇರುವೆಗಿಂತ ಸಣ್ಣದು, ಮನುಷ್ಯರ ಗೊಡವೆಗೆ ಬಾರದ್ದು. ಸಜ್ಜೆಯ ತೆನೆಯೊಳಗೆ ಸುರುಳಿ ಸುರುಳಿಯಾಗಿ ಸುರಂಗ ಕೊರೆದು ಕಾಳು ಕಟ್ಟದಂತೆ ಮಾಡುವ ಹುಳುವೊಂದಿದೆ. ಹೆಣ್ಣು ಕಡಜ ಅದನ್ನು ಹುಡುಕಿ ಕುಟುಕುತ್ತದೆ. ಹುಳು ಮರಗಟ್ಟುತ್ತದೆ. ಅದರ ಮೈಮೇಲೆ ಕಡಜ ಮೊಟ್ಟೆಯಿಡುತ್ತದೆ. ಹುಟ್ಟಿದ ಮರಿಗಳು ಹುಳುವನ್ನು ಹೀರಿ ಬೆಳೆಯುತ್ತವೆ. ಹೊಲದಲ್ಲಿ ಈ ಕಡಜ ತಾನಾಗಿಯೇ ಇದೆ, ಆದರೆ ಒಣ ತಿಂಗಳುಗಳನ್ನು ದಾಟಿ ಅದರ ಸಂತಾನ ಹೆಚ್ಚುವ ಹೊತ್ತಿಗೆ ತೆನೆ ಹಾಳಾಗಿರುತ್ತದೆ. ಅದಕ್ಕೇ ಹೆಂಗಸರು ಮೊದಲೇ ಸಾಕಿ ಬಿಡಬೇಕು.

ಬಿಡುವ ರೀತಿ ಸರಳ. ಅಂಗೈಯಗಲದ ಗೋಣಿಚೀಲದಲ್ಲಿ ಒಂದಿಷ್ಟು ಸಜ್ಜೆ, ಹಿಟ್ಟು, ಹೊಲದ ಹುಳುವಿನ ಬದಲಿಗೆ ಕಡಜ ಕುಟುಕುವ ಹಿಟ್ಟಿನ ಹುಳುಗಳು, ಗಂಡಿನೊಡನೆ ಕೂಡಿದ ಒಂದೆರಡು ಹೆಣ್ಣು ಕಡಜ. ಬಾಯಿ ಹೊಲಿದು ಹೊಲದಂಚಿನ ಮರಕ್ಕೆ ಕಟ್ಟಿದರೆ ಮುಗಿಯಿತು. ಚೀಲದೊಳಗೇ ಮೊಟ್ಟೆ, ಮರಿ, ಗೂಡು. ಹೊಸ ಕಡಜಗಳು ಗೋಣಿಯ ಕಣ್ಣುಗಳಿಂದ ನುಸುಳಿ ಹೊಲಕ್ಕೆ ಹೋಗುತ್ತವೆ.

ಸಂಘದಿಂದ ಸನೂಸಿ ಎಂಬ ಯುವಕ ಮೋಟಾರ್ ಸೈಕಲ್ಲಿನಲ್ಲಿ ಬಂದು ಕೆಲಸ ಕಲಿಸಿದ. ಕಾಂದೆಯೂ ಪಕ್ಕದ ಮನೆಯ ಸೊಸೆ ಹಬ್ಸುವೂ ಕಲಿತರು. ಗಾಜಿನ ಕೊಳವೆಯ ತುದಿಯನ್ನು ಕಡಜದ ಹತ್ತಿರ ಹಿಡಿದು, ರಬ್ಬರ್ ನಳಿಗೆಯ ಇನ್ನೊಂದು ತುದಿಯನ್ನು ಬಾಯಲ್ಲಿಟ್ಟು ಮೆಲ್ಲಗೆ ಉಸಿರೆಳೆಯುವುದರಲ್ಲಿ ಕಾಂದೆಯನ್ನು ಮೀರಿಸುವವರಿರಲಿಲ್ಲ. ಒಂದು ಕಾಲೂ ಮುರಿಯದಂತೆ ಹಿಡಿಯುತ್ತಿದ್ದಳು.

ಕಲಿತ ಮರುವರ್ಷ ತೊಂದರೆಯಾದದ್ದು ಹಿಟ್ಟಿನದು. ಹಿಂದಿನ ಸುಗ್ಗಿ ಸೊರಗಿತ್ತು. ಮಳೆ ಬಿದ್ದು ಬಿತ್ತನೆಯಾಗುವ ಹೊತ್ತಿಗೆ ಮನೆಮನೆಯಲ್ಲೂ ದವಸ ತುಂಬಿಡುವ ವಾಡೆಗಳಲ್ಲಿ ಕಾಳು ತಳ ಮುಟ್ಟಿತ್ತು. ಈ ಸಲ ಹುಳುವಿನ ಮೇವಿಗೆ ಆಯಾ ಊರಿನವರೇ ಸಜ್ಜೆ ಕೊಡಬೇಕು ಎಂದು ಸಂಘ ಹೇಳಿ ಕಳಿಸಿತು. ಮಕ್ಕಳು ಸೊಪ್ಪು ಬೇಯಿಸಿಕೊಂಡು ತಿನ್ನುವ ತಿಂಗಳಲ್ಲಿ ಹುಳುವಿಗೆ ಸಜ್ಜೆ ಕೇಳುವ ಮುಖ ಯಾರಿಗಿದೆ? ಗುಂಪಿನ ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. ಕಾಂದೆ ಸೋರೆಬುರುಡೆಯ ಬಟ್ಟಲು ಹಿಡಿದು ಹೊರಟಳು.

ಊರಿನ ಮೂಡಣ ದಿಕ್ಕಿನಲ್ಲಿ ಹೊಲವಿದ್ದ ಮುದುಕಿ ದೆಲುವಿನ ಅಂಗಳದಲ್ಲಿ ಮೊಮ್ಮಕ್ಕಳು ತಗಚೆ ಸೊಪ್ಪು ಬಿಡಿಸುತ್ತಿದ್ದರು.

"ನೋಡು, ಕಣ್ಣಿಟ್ಟು ನೋಡು" ಎಂದಳು ದೆಲು. "ನನ್ನ ಮಕ್ಕಳಿಗೆ ಸೊಪ್ಪು. ನಿನ್ನ ಹುಳಕ್ಕೆ ಸಜ್ಜೆ. ಕೇಳೋಕೆ ನಿನಗೆ ನಾಲಿಗೆ ಹೇಗೆ ಬಂತೇ?"

"ಹುಳಕ್ಕಲ್ಲ ದೆಲವ್ವ, ತೆನೆಗೆ."

"ತೆನೆ ಇನ್ನೂ ಪೈರಿನ ಹೊಟ್ಟೇಲೇ ಇದೆ."

"ಹೊರಗೆ ಬಂದ ಮೇಲೆ ಹುಳ ಕೊರೆಯೋದು ನೋಡ್ತಾ ಕೂರೋಕಾಗುತ್ತಾ? ಹೋದ ವರ್ಷ ನಿನ್ನ ಹೊಲದಲ್ಲಿ ಎಷ್ಟು ಜೊಳ್ಳು ಬಂತು, ಮರೆತೆಯಾ? ನನ್ನ ಮಾತಿನ ಮೇಲೆ ಕೊಡು."

"ನಿನ್ನ ಮಾತು ಬೇಯಿಸಿದರೆ ಮುದ್ದೆ ಆಗುತ್ತಾ?"

ಹಾಗೆಂದರೂ ಒಳಗೆ ಹೋಗಿ ವಾಡೆ ಕೆರೆದು ಬಟ್ಟಲು ತುಂಬಿಸಿ ತಂದಳು. ಸುರಿಯುವಾಗ ಒಂದು ಕಾಳು ನೆಲಕ್ಕೆ ಬಿತ್ತು. ಅದನ್ನು ಹೆಕ್ಕಿ ತನ್ನ ಸೆರಗಿಗೆ ಹಾಕಿಕೊಂಡಳು. ಕಾಂದೆ ಅದನ್ನು ನೋಡಿದಳು.

ಸೋದರತ್ತೆಯ ಮಗ ಜಾತೌ ಮಾತ್ರ ಬಾಗಿಲಲ್ಲೇ ನಿಂತು ನಕ್ಕ. ಅಣ್ಣನ ಮಕ್ಕಳಿಗೂ ತಂಗಿಯ ಮಕ್ಕಳಿಗೂ ಅಲ್ಲಿ ಹುಟ್ಟಿನಿಂದಲೇ ಬೈದಾಡುವ ಹಕ್ಕು. ಒಬ್ಬರು ಇನ್ನೊಬ್ಬರ ಟೋಪಿ ಕಸಿದರೂ, ಕೋಳಿ ಹೊತ್ತೊಯ್ದರೂ, ಸಂತೆಯಲ್ಲಿ ನಿಲ್ಲಿಸಿ ಮರ್ಯಾದೆ ಕಳೆದರೂ ಕೋಪ ಮಾಡಿಕೊಳ್ಳುವಂತಿಲ್ಲ. ಕೋಪ ಮಾಡಿಕೊಂಡವರಿಗೇ ಅವಮಾನ.

"ನಿಮ್ಮಪ್ಪ ನಮ್ಮಪ್ಪನ ಕತ್ತೆ ಕಾಯ್ತಿದ್ದ. ಮಗಳು ಹುಳ ಕಾಯ್ತಾಳೆ. ಏಳಿಗೆ ಆಯ್ತು ಬಿಡು ವಂಶ" ಎಂದ.

"ಬಟ್ಟಲು ತುಂಬಿಸೋ ಬಡವ."

"ಕೊಡ್ತೀನಿ, ಕೊಡ್ತೀನಿ. ಮೊದಲು ನಿನ್ನ ಹುಳ ಬಂದು ನನಗೆ ಸಲಾಂ ಹೇಳಲಿ."

ಅವನ ಮನೆಯೊಂದನ್ನು ಬಿಟ್ಟು ಉಳಿದೆಲ್ಲ ಮನೆಗಳ ಸಜ್ಜೆ ಕಡಜದ ಮನೆಗೆ ಬಂತು. ಆಮೇಲೆ ಕಾಂದೆಗೆ ಬೋಗುಣಿಗಳ ಹತ್ತಿರ ನಿಂತಾಗಲೆಲ್ಲ ಆ ಹೆಕ್ಕಿದ ಕಾಳು ಕಣ್ಣಿಗೆ ಕಟ್ಟುತ್ತಿತ್ತು. ಚೀಲಗಳಿಂದ ಏನೂ ಹೊರಡದಿದ್ದರೆ ಊರಿನ ಹಸಿವಿನ ತಿಂಗಳ ಕಾಳನ್ನು ಅವಳು ಹುಳುವಿಗೆ ಉಣಿಸಿ ಕಳೆದಂತೆ. ಸಂಘವನ್ನೋ ಸನೂಸಿಯನ್ನೋ ಯಾರೂ ಕೇಳುವುದಿಲ್ಲ. ಬಟ್ಟಲು ಹಿಡಿದು ಬಂದವಳು ಅವಳು.

ಈ ಭಾರದಿಂದಲೇ ಅವಳು ತಪ್ಪು ಮಾಡಿದಳು.

ಕಲಿಸುವಾಗ ಸನೂಸಿ ಎರಡು ಮಾತು ಹೇಳಿದ್ದ. ಹೆಣ್ಣು ಕಡಜಗಳಿಗೆ ಮುಚ್ಚಳದ ಒಳಬದಿಯಲ್ಲಿ ಕಡ್ಡಿಯಿಂದ ಜೇನುತುಪ್ಪದ ಗೆರೆ ಎಳೆಯಿರಿ. ಚೀಲಕ್ಕೆ ಹಾಕುವ ಮುಂಚೆ ಒಂದೆರಡು ದಿನ ಹುಳುಗಳ ಜೊತೆ ಬಿಡಿ. ಮೊದಲನೆಯದು ಕಾಂದೆಗೆ ಕೂಡಲೇ ಹಿಡಿಸಿತು. ಎರಡನೆಯದರಲ್ಲಿ ಅವಳಿಗೆ ಕಂಡದ್ದು ಬರೀ ನಷ್ಟ. ಹುಳುಗಳ ಜೊತೆ ಬಿಟ್ಟರೆ ಹೆಣ್ಣು ಕಡಜ ಕುಟುಕಿದ ಗಾಯಕ್ಕೆ ಬಾಯಿ ಹಚ್ಚಿ ಹೀರುತ್ತದೆ. ಎಷ್ಟೋ ಸಲ ಹೀರಿ ಬಿಟ್ಟ ಹುಳುವಿನ ಮೇಲೆ ಒಂದು ಮೊಟ್ಟೆಯೂ ಇರುವುದಿಲ್ಲ. ಹುಳು ಸತ್ತು ಕಪ್ಪಾಗುತ್ತದೆ, ಅಷ್ಟೆ. ಬಟ್ಟಲು ಹಿಡಿದು ಬಾಗಿಲು ಬಾಗಿಲು ತಿರುಗಿದವಳಿಗೆ ಹಾಗೆ ಬಿದ್ದ ಪ್ರತಿ ಹುಳುವೂ ದೆಲವ್ವನ ಸಜ್ಜೆಯಾಗಿ ಕಂಡಿತು.

ಹಾಗಾಗಿ ಹುಳುಗಳನ್ನು ಚೀಲಕ್ಕೆಂದು ಕಾದಿಟ್ಟಳು. ಹೆಣ್ಣು ಕಡಜಗಳನ್ನು ಗಂಡಿನೊಡನೆ ಕೂಡಿದ ಮೇಲೆ ಬೇರೆ ಡಬ್ಬಿಗಳಿಗೆ ಹಾಕಿ, ಕಿಟಕಿಯಿಂದ ದೂರ ಇಟ್ಟು, ಜೇನು ಕೊಟ್ಟಳು. ಜೇನಿಗೆ ಬರವಿರಲಿಲ್ಲ; ಅವಳ ಅಣ್ಣ ಹಳ್ಳದಾಚೆಯ ಮರಗಳಲ್ಲಿ ಜೇನುಗೂಡಿನ ಬುಟ್ಟಿ ಕಟ್ಟುತ್ತಿದ್ದ. ಬೆಳಿಗ್ಗೆ ಒಂದು ಗೆರೆ, ಸಂಜೆ ಒಂದು ಗೆರೆ. ಹಿಂದಿನ ವರ್ಷ ಕಲಿಯುವಾಗ ಬೇಗ ಬೇಗ ಸಾಯುತ್ತಿದ್ದ ಕಡಜಗಳು ಈಗ ಸಾಯಲೊಲ್ಲವು.

"ನೋಡೇ, ಹೊಟ್ಟೆ ಹೇಗೆ ಮಿಂಚ್ತಾ ಇದೆ" ಎಂದು ಡಬ್ಬಿಯನ್ನು ಬೆಳಕಿಗೆ ಹಿಡಿದು ಹಬ್ಸುಗೆ ತೋರಿಸಿದಳು.

"ಹುಳದ ಜೊತೆ ಬಿಡಿ ಅಂದಿದ್ದನಲ್ಲಕ್ಕ ಸನೂಸಿ?"

"ಚೀಲದೊಳಗೆ ಹುಳ ಇದೆಯಲ್ಲ, ಅಲ್ಲೇ ನೋಡ್ಕೊಳ್ಳಲಿ. ಗಂಡನ ಮನೆ ಅನ್ನ ಮದುವೆಗೆ ಮುಂಚೆ ಯಾಕೆ?"

ಹಬ್ಸು ನಕ್ಕಳು. ಡಬ್ಬಿಗಳ ಸಾಲಿಗೆ ಅವಳೇ ಮದುವಣಗಿತ್ತಿಯರ ಕೋಣೆ ಎಂದು ಹೆಸರಿಟ್ಟಳು. ಸನೂಸಿಗೆ ಬರಲಾಗಲಿಲ್ಲ, ಮಳೆ ಜೋರಾಗಿ ಹಳ್ಳ ತುಂಬಿ ದಾರಿ ಕಡಿದಿತ್ತು. ಫೋನಿನಲ್ಲಿ ಹೇಗಿವೆ ಎಂದು ಕೇಳಿದ. ತುಂಬ ಚೆನ್ನಾಗಿವೆ ಎಂದಳು ಕಾಂದೆ. ಅದು ಸುಳ್ಳೂ ಆಗಿರಲಿಲ್ಲ.

ಮೂಡಣ ಹೊಲಗಳಲ್ಲಿ ಬಿತ್ತನೆ ಮೊದಲು ಆದದ್ದರಿಂದ ತೆನೆಯೂ ಅಲ್ಲೇ ಮೊದಲು ಹೊರಟಿತು. ಮೊದಲ ಚೀಲಗಳು ಅಲ್ಲಿಗೆ. ಅವುಗಳಿಗೆ ಕಾಂದೆ ಎಲ್ಲಕ್ಕಿಂತ ಹೆಚ್ಚು ದಿನ ಜೇನುಂಡ ಹೆಣ್ಣುಗಳನ್ನೇ ಆರಿಸಿದಳು. ಆರೈಕೆಯ ಅವಧಿ ಮುಗಿಸಿದವಳು ಮೊದಲು ಹೊರಡಬೇಕು. ಅವಳಿಗೆ ಗೊತ್ತಿದ್ದ ಕ್ರಮ ಅದು. ದೆಲುವಿನ ಹೊಲದಂಚಿನ ಗಾವೊ ಎಂಬ ಜಾಲಿಜಾತಿಯ ಮರಕ್ಕೆ ತಾನೇ ಏಣಿ ಹತ್ತಿ ಚೀಲ ಕಟ್ಟಿದಳು.

"ಇದರೊಳಗೆ ಏನಿದೆಯೋ, ದೇವರಿಗೇ ಗೊತ್ತು" ಎಂದಳು ದೆಲು ಕೆಳಗೆ ನಿಂತು.

"ಇನ್ನೊಂದು ವಾರ ಕಳೀಲಿ. ನಿನಗೂ ಗೊತ್ತಾಗುತ್ತೆ."

ಅದೇ ವಾರ ಸಂತೆಯಿಂದ ಮರಳುವಾಗ ಜಾತೌ ಕಡಜದ ಮನೆಗೆ ನುಗ್ಗಿದ. ಅವನ ಕೈಯಲ್ಲಿ ಒಂದು ಬಟ್ಟಲಿತ್ತು. ಅದರಲ್ಲಿದ್ದದ್ದು ಅವನ ವಾಡೆಯ ತಳದಿಂದ ಗುಡಿಸಿದ ತೌಡು, ಜೇಡ ಕಟ್ಟಿದಂತೆ ಬಲೆಬಲೆಯಾಗಿ ಹುಳು ಹಿಡಿದದ್ದು.

"ತಗೋ, ನನ್ನ ಪಾಲು. ಸಾಲ ಇಟ್ಕೊಳ್ಳೋ ಜಾತಿ ಅಲ್ಲ ನಾನು."

"ಥೂ, ಹೊರಗೆ ಎಸೆಯೋ ಅದನ್ನ."

"ಎಸೀಬೇಕಾ? ನಿನ್ನ ಮದುವಣಗಿತ್ತಿಯರು ಜೇನು ತಿಂದೂ ತಿಂದೂ ಬಾಯಿ ಅಂಟಿಸ್ಕೊಂಡವ್ರೆ ಅಂತ ಹಬ್ಸು ಹೇಳಿದಳು. ಪಾಪ, ಒಂದು ತುಂಡು ಮಾಂಸ ತಿನ್ಲಿ."

ಹೇಳುತ್ತಲೇ ಕೈಗೆ ಸಿಕ್ಕ ಡಬ್ಬಿಯ ಮುಚ್ಚಳ ಸರಿಸಿ ಬಟ್ಟಲನ್ನು ಬೋರಲು ಹಾಕಿ ಮುಚ್ಚಿಬಿಟ್ಟ. ಕಾಂದೆ ಅವನ ಅಪ್ಪ, ಅಜ್ಜ, ಅಜ್ಜನ ಕತ್ತೆ ಯಾರನ್ನೂ ಬಿಡದೆ ಬೈದಳು. ಅವನು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿ, ಇನ್ನೂ ಇದೆಯಾ ಎಂದು ವಿಚಾರಿಸಿ, ಹೊರಟುಹೋದ. ಆ ಡಬ್ಬಿಯಲ್ಲಿದ್ದದ್ದು ಆಗಷ್ಟೇ ಗೂಡು ಬಿಟ್ಟ ಎಳೆಯ ಹೆಣ್ಣುಗಳು. ತೌಡಿನ ನಡುವಿನಿಂದ ಅವುಗಳನ್ನು ಹೆಕ್ಕುವುದು ಆ ದಿನಕ್ಕಾಗದ ಕೆಲಸ. ಡಬ್ಬಿಯನ್ನು ಮೂಲೆಗೆ ತಳ್ಳಿ ಚೀಲ ಹೊಲಿಯಲು ಕೂತಳು.

ವಾರ ಕಳೆಯಿತು, ಅದರ ಮೇಲೂ ಕಳೆಯಿತು. ಮೂಡಣ ಹೊಲಗಳ ಗೋಣಿಯ ಮೇಲೆ ಓಡಾಡಬೇಕಿದ್ದ ಕಪ್ಪು ಚುಕ್ಕೆಗಳು ಕಾಣಲಿಲ್ಲ. ಕಾಂದೆ ಪ್ರತಿ ಬೆಳಿಗ್ಗೆ ಹೋಗಿ ಕತ್ತೆತ್ತಿ ನೋಡಿ ಬರುತ್ತಿದ್ದಳು. ಕೊನೆಗೆ ಅಲ್ಲೇ ಇದ್ದ ತನ್ನ ಹೊಲದ ಚೀಲವನ್ನೇ ಬಿಚ್ಚಿ, ಕಡಜದ ಮನೆಗೆ ತಂದು, ಹೊಲಿಗೆ ಕತ್ತರಿಸಿ ಮೊರಕ್ಕೆ ಸುರಿದಳು. ಎರಡೂ ತಾಯಿ ಕಡಜಗಳು ಬದುಕಿದ್ದವು, ಮೊರದ ಅಂಚಿನಲ್ಲಿ ಠೀವಿಯಿಂದ ನಡೆದಾಡಿದವು. ಹುಳುಗಳೂ ಬದುಕಿದ್ದವು. ಕೊಬ್ಬಿ, ಬಲೆ ಹೆಣೆದುಕೊಂಡು, ಆರಾಮವಾಗಿದ್ದವು. ಒಂದೆರಡು ಮಾತ್ರ ಸೊರಗಿ ಬಿದ್ದಿದ್ದವು. ಅವುಗಳ ಮೈಮೇಲೆ ಕುಟುಕಿದ ಗುರುತಿತ್ತು, ಮೊಟ್ಟೆಯಿರಲಿಲ್ಲ.

ಕಾಂದೆ ಮೊರವನ್ನು ಹಾಗೇ ಬಿಟ್ಟು ಮೂಲೆಯ ಡಬ್ಬಿಗೆ ಕೈಹಾಕಿದ್ದು, ಎಲ್ಲ ಡಬ್ಬಿಗಳನ್ನೂ ಒಮ್ಮೆ ನೋಡಿಬಿಡೋಣವೆಂದು. ಜಾತೌ ಸುರಿದ ತೌಡಿನಲ್ಲಿ ಹುಳುಗಳು ಮರಗಟ್ಟಿ ಬಿದ್ದಿದ್ದವು. ಕೆಲವು ಹುಳುಗಳ ಪಕ್ಕದಲ್ಲಿ ಬಿಳಿಯ ಪುಟ್ಟ ಗೂಡುಗಳು, ಅಕ್ಕಿನುಚ್ಚು ಚೆಲ್ಲಿದಂತೆ. ಕೆಲವುಗಳ ಮೈಮೇಲೆ ಇನ್ನೂ ಮರಿ. ಒಂದು ಹೆಣ್ಣು ಕಡಜ ಹುಳುವಿನ ಗಾಯಕ್ಕೆ ಬಾಯಿ ಹಚ್ಚಿ, ಕಾಂದೆಯ ನೆರಳು ಬಿದ್ದರೂ ಅಲುಗಾಡದೆ ಹೀರುತ್ತಿತ್ತು.

"ಹಬ್ಸು" ಎಂದು ಕರೆದಳು. "ಇಲ್ಲಿ ಬಾ. ನಾನು ನೋಡ್ತಿರೋದೇ ನೀನೂ ನೋಡ್ತಿದ್ದೀಯಾ ಹೇಳು."

ಹಬ್ಸು ನೋಡಿದಳು. "ಇವು ಹೆತ್ತಿವೆ."

"ಅವು ಹೆತ್ತಿಲ್ಲ."

"ಅವೂ ಇವೂ ಒಂದೇ ಮನೆಯವು. ಜೇನೂ ಒಂದೇ."

"ಇವಕ್ಕೆ ಮಾಂಸ ಸಿಕ್ತು."

ಕಾಂದೆ ಅಂದೇ ಹಳೆಯ ಹೆಣ್ಣುಗಳನ್ನು ಒಂದು ತಟ್ಟೆಯಲ್ಲಿ ಹುಳುಗಳ ಜೊತೆ ಇಟ್ಟು ಕಾದಳು. ಅವು ಹೀರಿದವು. ಮರುದಿನವೂ ಹೀರಿದವು. ಮೊಟ್ಟೆ ಕಂಡದ್ದು ಬಹಳ ತಡವಾಗಿ, ಅದೂ ಅಲ್ಲೊಂದು ಇಲ್ಲೊಂದು. ಅಷ್ಟು ಹೊತ್ತಿಗೆ ಹೊಲದ ಹುಳು ತೆನೆಯ ಆಳಕ್ಕೆ ಇಳಿದಿರುತ್ತದೆ.

ಹಳ್ಳ ಇಳಿದ ಮೇಲೆ ಸನೂಸಿ ಬಂದ, ಮೊಣಕಾಲಿನವರೆಗೆ ಕೆಸರು. ಕಾಂದೆ ಅವನಿಗೆ ನೀರು ಕೊಟ್ಟು, ಮಾಡಿದ್ದನ್ನೆಲ್ಲ ಮುಚ್ಚಿಡದೆ ಹೇಳಿದಳು. ಅವನು ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ನೋಡಿದ.

"ಜೇನು ಇವಕ್ಕೆ ಆಯಸ್ಸು ಕೊಡುತ್ತೆ ಅವ್ವ. ಓಡಾಡೋ ಶಕ್ತಿ ಕೊಡುತ್ತೆ. ಮೊಟ್ಟೆ ಬಲಿಯೋಕೆ ಮಾತ್ರ ಹುಳದ ರಸ ಬೇಕು."

"ಹುಟ್ಟಿದಾಗಲೇ ಹೊಟ್ಟೇಲಿ ಒಂದಿಷ್ಟು ಮೊಟ್ಟೆ ಇರುತ್ತೆ ಅಂತ ನೀನೇ ಅಂದಿದ್ದೆ."

"ಇರುತ್ತೆ. ಇಡೋಕೆ ಹುಳ ಸಿಗದೇ ಹೋದರೆ ಆ ಮೊಟ್ಟೆನ ಮೈ ವಾಪಸ್ ಕರಗಿಸ್ಕೊಳ್ಳುತ್ತೆ. ಮತ್ತೆ ಕಟ್ಕೋಬೇಕು ಅಂದ್ರೆ ಟೈಮ್ ಬೇಕು. ವಯಸ್ಸಾಗಿದ್ರೆ ಅದೂ ಕಷ್ಟ."

ಕಾಂದೆ ಮೂಲೆಯ ಡಬ್ಬಿಯನ್ನು ಬೆಳಕಿಗೆ ಎತ್ತಿ ಹಿಡಿದಳು. "ಹೆರೋಕೆ ಮುಂಚೆನೇ ಬಾಣಂತಿ ಊಟ" ಎಂದಳು ಆಮೇಲೆ, ಯಾರಿಗೂ ಅಲ್ಲದಂತೆ.

"ಹುಳದ ಜೊತೆ ಯಾಕೆ ಬಿಡಬೇಕು ಅಂತ ನಾನೂ ಬಿಡಿಸಿ ಹೇಳಿರಲಿಲ್ಲ" ಎಂದ ಸನೂಸಿ.

"ಹೇಳಿದ್ರೂ ನಾನು ಕೇಳ್ತಿರಲಿಲ್ಲ. ಬಿಡು. ಈಗ ಏನು ಮಾಡೋದು?"

ಎಳೆಯ ಹೆಣ್ಣುಗಳು ಬೇಕಾದಷ್ಟಿದ್ದವು. ಅವಕ್ಕೆ ಜೇನಿನ ಜೊತೆ ಹುಳು ಕೊಟ್ಟರೆ ಕೂಡಲೇ ಚೀಲಕ್ಕೆ ಹಾಕಬಹುದಿತ್ತು. ಪಡುವಣ ಹೊಲಗಳಲ್ಲಿ ತೆನೆ ಈಗಷ್ಟೇ ಹೊರಡುತ್ತಿತ್ತು, ಮೂಡಣದಲ್ಲೂ ತಡವಾಗಿ ಬಿತ್ತಿದ ಸಾಲುಗಳಿದ್ದವು. ಇಲ್ಲದ್ದು ಹುಳು. ಬೋಗುಣಿಗಳಲ್ಲಿ ತಳಕ್ಕಷ್ಟೇ ಉಳಿದಿತ್ತು. ಬಹುಪಾಲು ಹುಳು ಮೂಡಣ ಹೊಲದ ಮರಗಳಲ್ಲಿ, ಹೊಲಿದ ಚೀಲಗಳೊಳಗೆ, ಕೊಬ್ಬುತ್ತ ಕೂತಿತ್ತು.

"ಚೀಲ ಇಳಿಸಿದರೆ ಆ ಹುಳ ಸಿಗುತ್ತೆ" ಎಂದ ಸನೂಸಿ. ಆಮೇಲೆ ದನಿ ತಗ್ಗಿಸಿದ. "ಇಳಿಸಲೇಬೇಕು ಅಂತಿಲ್ಲ. ಅವುಗಳಿಂದಲೂ ಒಂದಿಷ್ಟು ಬರಬಹುದು. ಬಿಟ್ಟುಬಿಟ್ಟರೆ ಯಾರಿಗೂ ತಿಳಿಯೋದಿಲ್ಲ. ಗಾಳಿಗೆ ಹೋಯ್ತು ಅನ್ನಬಹುದು, ಮಳೆಗೆ ಹೋಯ್ತು ಅನ್ನಬಹುದು."

ಹಬ್ಸುಗೆ ಅದೇ ಸರಿ ಕಂಡಿತು. "ಹೌದು ಅಕ್ಕ. ಪಡುವಣದವರಿಗಾದ್ರೂ ಇರೋದನ್ನ ಕಟ್ಟೋಣ. ಹಗಲು ಹೊತ್ತು ಹೋಗಿ ಚೀಲ ಬಿಚ್ಚಿದ್ರೆ ಮುದುಕಿ ಒನಕೆ ತಗೊಂಡು ಬರ್ತಾಳೆ."

ಕಾಂದೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಳು. ಕಡಜ ಕಣ್ಣಿಗೆ ಕಾಣುವಂಥದ್ದಲ್ಲ. ಬಂದಿದ್ದರೂ ಬರದಿದ್ದರೂ ಅರ್ಧ ಊರಿಗೆ ಗೊತ್ತಾಗುವುದಿಲ್ಲ. ತೆನೆ ಜೊಳ್ಳಾದರೆ ದೇವರಿಚ್ಛೆ ಎನ್ನುತ್ತಾರೆ. ಅವಳ ಮಾತಿನ ಮಾನ ಅವಳ ಹತ್ತಿರವೇ ಉಳಿಯುತ್ತದೆ, ದೆಲುವಿನ ಸಜ್ಜೆ ಮಾತ್ರ ಮರದಲ್ಲಿ ಉಳಿಯುತ್ತದೆ. ಮಧ್ಯಾಹ್ನದ ನಮಾಜು ಮುಗಿದ ಮೇಲೆ ಬುಟ್ಟಿ ಹೊತ್ತು ಹೊರಟಳು. ಹಬ್ಸು ಗೊಣಗುತ್ತಲೇ ಹಿಂದೆ ಬಂದಳು.

ದೆಲು ಮೊಮ್ಮಕ್ಕಳೊಡನೆ ಹೊಲದಲ್ಲಿ ಹಕ್ಕಿ ಕಾಯುತ್ತಿದ್ದಳು. ಮರದ ಕೆಳಗೆ ನಿಂತು ಕಾಂದೆ ವಿಷಯ ಹೇಳಿದಳು: ಚೀಲದೊಳಗಿನ ತಾಯಿ ಕಡಜಗಳು ಬಂಜೆಯಾಗಿವೆ, ಮಾಡಿದ್ದು ನಾನು, ಹುಳವನ್ನು ವಾಪಸ್ ಒಯ್ದು ಬೇರೆ ಕಡಜ ಹಾಕಬೇಕು.

"ಅಂದ್ರೆ ಇಷ್ಟು ದಿನ ನನ್ನ ಸಜ್ಜೆ ತಿಂದು ಆ ಹುಳ ಅಲ್ಲಿ ಮಲಗಿತ್ತು?"

"ಹೌದು."

"ನನ್ನ ಹೊಲದ ತೆನೆ?"

"ಮೊದಲು ಬಂದ ತೆನೆ ಕೈಬಿಟ್ಟು ಹೋಯ್ತು ದೆಲವ್ವ. ಹಿಂದಿನ ಸಾಲು ಉಳೀಬಹುದು. ಹೊಸ ಚೀಲ ಮೊದಲು ನಿನ್ನ ಹೊಲಕ್ಕೇ ಕಟ್ತೀನಿ."

"ಮೊದಲ ಸಲವೂ ನನ್ನ ಹೊಲಕ್ಕೇ ಕಟ್ಟಿದ್ದೆ." ಮುದುಕಿಯ ದನಿ ಏರಿತು. ಅಕ್ಕಪಕ್ಕದ ಹೊಲಗಳಿಂದ ಹೆಂಗಸರು ಬಂದು ಸೇರಿದರು. ಒಬ್ಬಳು, ನನ್ನ ಬಟ್ಟಲು ಸಜ್ಜೆ ಈಗಲೇ ತಂದಿಡು ಎಂದಳು. ಇನ್ನೊಬ್ಬಳು, ಇವಳ ಕೈಯಲ್ಲಿ ಹುಡುಗಿಯರೇ ಊದಿಕೊಂಡು ಏಳಲಾರದೆ ಕೂತಿದ್ದರು, ಕಡಜ ಯಾವ ಲೆಕ್ಕ ಎಂದಳು. ಕಾಂದೆ ಕೈಯೆತ್ತಿ ಗಂಟು ಬಿಚ್ಚತೊಡಗಿದಳು. ಮಳೆಗೆ ನೆನೆದ ಹಗ್ಗ ಬಿಗಿದುಕೊಂಡಿತ್ತು.

ಅಷ್ಟರಲ್ಲಿ ಜಾತೌ ಬಂದ. ಊರಗೌಡನ ಡಂಗುರದವನಂತೆ ಕೈಗಳನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದ.

"ಕೇಳ್ರಪ್ಪೋ ಕೇಳ್ರಿ! ಕಾಂದೆ ಸಾಕಿದ ಮದುವಣಗಿತ್ತಿಯರು ತವರಿಗೆ ವಾಪಸ್! ಗಂಡನ ಮನೇಲಿ ತಿಂದ್ರು, ಮಲಗಿದ್ರು, ಒಂದು ಮಗು ಹೆರಲಿಲ್ಲ! ವರದಕ್ಷಿಣೆ ಜೇನು ಮಾತ್ರ ಪೂರ್ತಿ ಖಾಲಿ!"

ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕಾಂದೆಯ ಕಿವಿ ಬಿಸಿಯಾಯಿತು. ಬೇರೆ ಯಾರು ಹಾಗೆ ಕೂಗಿದ್ದರೂ ಅವಳು ಬುಟ್ಟಿ ಎಸೆದು ಹೋಗುತ್ತಿದ್ದಳು. ಇವನ ಮೇಲೆ ಕೋಪ ಮಾಡಿಕೊಳ್ಳುವಂತಿಲ್ಲ.

"ಬಾಯಿ ಮುಚ್ಚಿ ಹೆಗಲು ಕೊಡೋ. ಮೇಲಿನ ಗಂಟು ನನಗೆ ಎಟುಕಲ್ಲ" ಎಂದಳು.

"ನಿನ್ನ ತೂಕ ಹೊರೋಕೆ ಒಂಟೆ ತರಿಸು" ಎನ್ನುತ್ತ ಅವನೇ ಮರ ಹತ್ತಿದ. ಹಗ್ಗವನ್ನು ಹಲ್ಲಿನಿಂದ ಕಡಿದು ಚೀಲವನ್ನು ಕೆಳಗೆ ಹಾಕಿದ. ದೆಲು ಅದನ್ನು ಹಿಡಿದು, ಕಿವಿಯ ಹತ್ತಿರ ತಂದು ಅಲುಗಾಡಿಸಿ, ಕಾಂದೆಯ ಬುಟ್ಟಿಗೆ ಎಸೆದಳು. ಹತ್ತಿರ ನಿಂತಿದ್ದವರು ಆಮೇಲೆ ತಮ್ಮ ತಮ್ಮ ಹೊಲದ ಕಡೆ ಚದುರಿದರು. ಸಂಜೆಗೆ ಕೆಲವರು ತಾವೇ ಬಿಚ್ಚಿದ ಚೀಲಗಳನ್ನು ತಂದು ಕಡಜದ ಮನೆಯ ಬಾಗಿಲಲ್ಲಿ ಇಟ್ಟು, ಮಾತಾಡಿಸದೆ ಹೋದರು. ಕೆಲವರು ತರಲಿಲ್ಲ, ಕಾಂದೆಯೇ ಹೋಗಿ ಬಿಚ್ಚಿದಳು.

ಹೊಸ ಚೀಲಗಳಿಂದ ಮರಿ ಕಡಜಗಳು ಹೊರಟವು. ಪಡುವಣ ಹೊಲಗಳಲ್ಲಿ ಸನೂಸಿ ತೆನೆ ಸೀಳಿ, ಸುರಂಗದೊಳಗೆ ಮರಗಟ್ಟಿ ಮಲಗಿದ್ದ ಹುಳುಗಳನ್ನು ಹೊಲದ ಒಡೆಯರಿಗೆ ತೋರಿಸಿದ. ಮೂಡಣದಲ್ಲಿ ತೋರಿಸುವಂಥದ್ದು ಕಡಿಮೆಯಿತ್ತು. ಮುಂಚೆ ಬಂದ ತೆನೆಗಳು ಸುತ್ತಲೂ ಸುರುಳಿ ಗೀರಿಕೊಂಡು, ಮುಟ್ಟಿದರೆ ಹೊಟ್ಟು ಉದುರುವಂತಾಗಿದ್ದವು.

ಸುಗ್ಗಿಯಲ್ಲಿ ಕಾಂದೆ ಯಾರೂ ಕರೆಯದಿದ್ದರೂ ದೆಲುವಿನ ಹೊಲಕ್ಕೆ ಹೋದಳು. ಮುದುಕಿ ಬೇಡವೆನ್ನಲಿಲ್ಲ. ಇಬ್ಬರೂ ತೆನೆ ಕೊಯ್ದು, ಜೊಳ್ಳನ್ನು ಒಂದು ಕಡೆಗೂ ಕಾಳಿನ ತೆನೆಯನ್ನು ಇನ್ನೊಂದು ಕಡೆಗೂ ಹಾಕುತ್ತ ಬಂದರು. ಜೊಳ್ಳಿನ ಗುಡ್ಡೆ ದೊಡ್ಡದಿತ್ತು. ಹಿಂದಿನ ಸಾಲುಗಳಿಗೆ ಬಂದಾಗ ಇನ್ನೊಂದು ಗುಡ್ಡೆ ಬೆಳೆಯತೊಡಗಿತು. ದೆಲು ಒಂದು ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಊದಿ, ಕಾಳನ್ನು ಬಾಯಿಗೆ ಹಾಕಿಕೊಂಡಳು.

"ಇದು ನಿನ್ನ ಕಡಜದಿಂದ ಉಳೀತೋ, ತಾನಾಗೇ ಉಳೀತೋ?"

ಕಾಂದೆ ಕುಡುಗೋಲು ನಿಲ್ಲಿಸಿದಳು. "ಕಡಜ ಬಂದಿತ್ತು, ಅದನ್ನ ನೋಡಿದೀನಿ. ಎಷ್ಟು ಅದರಿಂದ ಅಂತ ಹೇಳೋಕಾಗಲ್ಲ."

"ಆ ಮೊದಲ ಚೀಲ ನೀನು ಬಿಚ್ಚದೆ ಬಿಟ್ಟಿದ್ರೆ?"

"ಅದೂ ಗೊತ್ತಿಲ್ಲ, ದೆಲವ್ವ. ಇದರಷ್ಟು ಇರ್ತಿರಲಿಲ್ಲ ಅಂತ ಕಾಣುತ್ತೆ."

ಮುದುಕಿ ಕಾಳನ್ನು ಜಗಿದು ನುಂಗಿದಳು.

"ಹೋಗ್ಲಿ, ಗೊತ್ತಿಲ್ಲ ಅನ್ನೋದಾದ್ರೂ ಬಂತು ಬಾಯಲ್ಲಿ" ಎಂದಳು. "ಬಾ, ಈ ಕಟ್ಟು ನೀನೇ ತಲೆ ಮೇಲೆ ಹೊತ್ಕೋ. ನನ್ನ ಕತ್ತು ತಡೆಯಲ್ಲ."

ಕಾಂದೆ ಸಿಂಬೆ ಸುತ್ತಿಕೊಂಡು ಬಗ್ಗಿದಳು.